ಕ್ಷೌರದ ಕತ್ತಿಗೆ ಮೊದಲ ಕಲ್ಲು

ಕುಮಟೆಯ ಉತ್ತರಕ್ಕೆ, ಅಘನಾಶಿನಿ ಹೊಳೆಯು ಕಡಲನ್ನು ಸೇರುವ ಅಳಿವೆಯ ದಕ್ಷಿಣದ ಮಗ್ಗುಲಲ್ಲಿ, ಕಾಗಾಲವೆಂಬ ಊರಿದೆ. ಕರಾವಳಿಯ ಇತರ ಊರುಗಳಂತೆ ಅಲ್ಲಿಯೂ ಕಲ್ಲಿಗೆ ಬಡತನವಿಲ್ಲ. ಗುಡ್ಡವನ್ನು ಅಗೆದರೆ ಕೆಂಪು ಚಿರೆಕಲ್ಲು. ಮನೆಯ ಗೋಡೆ, ಬಾವಿಯ ಕಟ್ಟೆ, ಹಿತ್ತಿಲ ಪಾಗಾರ, ಎಲ್ಲಕ್ಕೂ ಅದೇ. ಇಂತಹ ಊರಿನಲ್ಲಿ ಒಬ್ಬನು ತನ್ನ ಅಜ್ಜನ ಕಾಲದ ಮಡಿಸುವ ಕ್ಷೌರದ ಕತ್ತಿಯನ್ನು ಪೆಟ್ಟಿಗೆಯ ತಳದಿಂದ ತೆಗೆದು, ಇದನ್ನು ಹರಿತಮಾಡಲು ಒಂದು ಕಲ್ಲು ಬೇಕಲ್ಲ ಎಂದು ಹುಡುಕಹೊರಟನೆಂದು ಇಟ್ಟುಕೊಳ್ಳೋಣ. ಕಾಲಿಗೆ ತಗಲುವ ಸಾವಿರ ಚಿರೆಕಲ್ಲುಗಳಲ್ಲಿ ಒಂದೂ ಅವನ ಕೆಲಸಕ್ಕೆ ಬಾರದು. ಹಾಗಾದರೆ ಅಲ್ಲಿಯವರು ತಲೆತಲಾಂತರದಿಂದ ಗಡ್ಡ ಬಿಟ್ಟುಕೊಂಡೇ ಇದ್ದರೆ? ಇಲ್ಲ. ಕ್ಷೌರಿಕನ ಚೀಲದಲ್ಲಿ ಕಲ್ಲಿತ್ತು. ಅಂತಹ ಕಲ್ಲನ್ನು ಆರಿಸುವ ತಿಳಿವಳಿಕೆ ಎಷ್ಟು ಹಳೆಯದು, ಅದನ್ನು ಬರೆದಿಟ್ಟವರು ಯಾರು, ಬರೆಯದೆ ಬಿಟ್ಟವರು ಯಾರು, ಇಂದು ಮೊದಲ ಕಲ್ಲನ್ನು ಕೊಳ್ಳುವವನಿಗೆ ಆ ಚರಿತ್ರೆಯಿಂದ ಏನಾದರೂ ಸಹಾಯವುಂಟೆ ಎಂಬುದನ್ನು ಈ ಹೊತ್ತು ಕೇಳುಗರ ಮುಂದೆ ಇಡಬೇಕೆಂದಿದ್ದೇವೆ.

ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಚರಿತ್ರೆಯೆಂದರೆ ಅರಸರ ಖಡ್ಗದ ಕಥೆಯೇ ಆಗಿರಬೇಕೆಂದು ಯಾರೂ ನಿಯಮ ಮಾಡಿಲ್ಲ. ಅರಸನ ಖಡ್ಗವು ಯುದ್ಧ ಬಂದಾಗ ಮಾತ್ರ ಒರೆಯಿಂದ ಹೊರಬೀಳುತ್ತಿತ್ತು. ಕ್ಷೌರಿಕನ ಕತ್ತಿಯಾದರೋ ಅದೇ ಅರಸನ ಕೊರಳಿನ ಮೇಲೆ ಶಾಂತಿಯ ಕಾಲದಲ್ಲಿಯೂ ಆಡುತ್ತಿತ್ತು.

ಮೊದಲು ಚಿರೆಕಲ್ಲಿನ ದೋಷವನ್ನು ತಿಳಿಯೋಣ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟವನು ಫ್ರಾನ್ಸಿಸ್ ಬುಕನನ್. ಟಿಪ್ಪುವಿನ ಪತನದ ತರುವಾಯ ಕಂಪೆನಿಯ ಅಪ್ಪಣೆಯ ಮೇರೆಗೆ 1800 ಮತ್ತು 1801ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಆತನು, ಮಲಬಾರಿನ ಅಂಗಡಿಪುರದ ಬಳಿ ಜನರು ಇದನ್ನು ನೆಲದಲ್ಲಿ ಮೆತ್ತಗಿರುವಾಗಲೇ ಕಡಿದು ಇಟ್ಟಿಗೆಯಂತೆ ಮಾಡಿಕೊಳ್ಳುವುದನ್ನೂ, ಗಾಳಿಗೆ ಒಡ್ಡಿದ ಬಳಿಕ ಅದು ಗಟ್ಟಿಯಾಗುವುದನ್ನೂ ಕಂಡು, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಮಾತಿನಿಂದ ಆ ಹೆಸರನ್ನು ಕಟ್ಟಿದನು. 1801ರಲ್ಲಿ ಅವನು ಕುಮಟೆ ಗೋಕರ್ಣಗಳ ಈ ತೀರವನ್ನೂ ಹಾದುಹೋಗಿದ್ದಾನೆ. ಮನೆ ಕಟ್ಟಲು ಇಷ್ಟು ಒಳ್ಳೆಯದಾದ ಈ ಕಲ್ಲು ಹರಿತಮಾಡುವುದಕ್ಕೆ ಕೆಟ್ಟದ್ದು. ಎರಡಕ್ಕೂ ಕಾರಣ ಒಂದೇ. ಕಬ್ಬಿಣದ ತುಕ್ಕೇ ಗಟ್ಟಿಯಾದಂತಿರುವ ಅದರ ಮೈತುಂಬ ತೂತುಗಳು. ನಡುನಡುವೆ ಹರಳು ಮರಳು. ಒಂದು ಕಣ ಸಾಸಿವೆಯಷ್ಟು, ಮತ್ತೊಂದು ಕಣ್ಣಿಗೆ ಕಾಣದಷ್ಟು. ಕುಡುಗೋಲಿಗೆ ಇಂತಹ ಒರಟುತನದಿಂದ ಹಾನಿಯಿಲ್ಲ. ಬತ್ತದ ಬುಡವನ್ನು ಹಿಡಿದೆಳೆದು ಕೊಯ್ಯುವ ಆಯುಧಕ್ಕೆ ಸಣ್ಣ ಸಣ್ಣ ಹಲ್ಲುಗಳಿದ್ದರೆ ಒಳ್ಳೆಯದೇ. ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿಯನ್ನು ಉದುರಿಸಿ ಕತ್ತಿ ಮಸೆಯುವ ರೂಢಿಯೂ ನಮ್ಮ ಹಳ್ಳಿಗಳಲ್ಲಿ ಇದ್ದೇ ಇದೆ. ಆದರೆ ಕ್ಷೌರದ ಕತ್ತಿಯ ಬಾಯಿ ತಲೆಗೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿನಷ್ಟು ತೆಳುವಾಗಿರಬೇಕು. ಅದು ಸಾಗುವ ದಾರಿಯಲ್ಲಿ ಒಂದೇ ಒಂದು ದಪ್ಪ ಕಣವಿದ್ದರೂ ಬಾಯಿ ಮುಕ್ಕಾಗುತ್ತದೆ. ಆ ಮುಕ್ಕಿನ ಲೆಕ್ಕವನ್ನು ಮರುದಿನ ಕೆನ್ನೆ ಒಪ್ಪಿಸುತ್ತದೆ.

ಶಸ್ತ್ರಕ್ಕೆ ತಕ್ಕ ಕಲ್ಲನ್ನು ಆರಿಸುವ ಮಾತು ನಮ್ಮ ಶಾಸ್ತ್ರಗ್ರಂಥಗಳಲ್ಲಿ ಸ್ಪಷ್ಟವಾಗಿ ದೊರೆಯುವುದು ಕ್ಷೌರದ ಪ್ರಸ್ತಾಪದಲ್ಲಲ್ಲ, ವೈದ್ಯದ ಪ್ರಸ್ತಾಪದಲ್ಲಿ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯವು ಶಸ್ತ್ರವೈದ್ಯನು ಇಟ್ಟುಕೊಳ್ಳಬೇಕಾದ ಇಪ್ಪತ್ತು ಬಗೆಯ ಶಸ್ತ್ರಗಳನ್ನು ಎಣಿಸಿ, ಯಾವ ಕೆಲಸಕ್ಕೆ ಎಷ್ಟು ತೆಳುವಾದ ಧಾರೆ ಇರಬೇಕೆಂಬುದಕ್ಕೆ ಅಳತೆಗಳನ್ನು ಕೊಡುತ್ತದೆ. ಸೀಳುವ ಶಸ್ತ್ರಕ್ಕೆ ಮಾಸೂರಿ, ಎಂದರೆ ಮಸೂರದ ಬೇಳೆಯ ಅಂಚಿನಷ್ಟು. ಕೆರೆಯುವುದಕ್ಕೆ ಅದರಲ್ಲಿ ಅರ್ಧ. ಚುಚ್ಚಿ ರಕ್ತ ತೆಗೆಯುವುದಕ್ಕೆ ಕೈಶಿಕಿ, ಎಂದರೆ ಕೂದಲಿನಷ್ಟು. ಕಡಿದು ತೆಗೆಯುವುದಕ್ಕೆ ಅರ್ಧಕೈಶಿಕಿ, ಅರ್ಧ ಕೂದಲಿನಷ್ಟು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅಡಿಗೆಮನೆಯ ಬೇಳೆಯನ್ನೂ ತಲೆಯ ಕೂದಲನ್ನೂ ಅಳತೆಗೋಲಾಗಿ ಮಾಡಿಕೊಂಡ ಆ ಜಾಣ್ಮೆಯನ್ನು ನಾವು ಮೆಚ್ಚದೆ ಇರಲಾರೆವು.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟ ಮಾತು ಅದೇ ಅಧ್ಯಾಯದಲ್ಲಿ ಮುಂದೆ ಬರುತ್ತದೆ. ಶಸ್ತ್ರವನ್ನು ಮಸೆಯುವುದಕ್ಕೆ ನುಣುಪಾದ, ಉದ್ದಿನ ಬಣ್ಣದ ಕಲ್ಲು. ಧಾರೆಯನ್ನು ನೆಲೆಗೊಳಿಸುವುದಕ್ಕೆ ಬೂರುಗದ ಮರದ ಹಲಗೆ. ಚೆನ್ನಾಗಿ ಮಸೆದ ಶಸ್ತ್ರವು ರೋಮವನ್ನು ಕತ್ತರಿಸಬಲ್ಲುದಾಗಿರಬೇಕು. ಅಂತಹುದನ್ನೇ ಕೆಲಸಕ್ಕೆ ತೆಗೆದುಕೊಳ್ಳಬೇಕು. ಇಷ್ಟೇ ವಿಧಿ. ಆದರೆ ಇದರಲ್ಲಿ ಕಲ್ಲಿನ ಆಯ್ಕೆ, ಆಮೇಲಿನ ನಯಗಾರಿಕೆ, ಕೊನೆಯ ಪರೀಕ್ಷೆ ಮೂರೂ ಅಡಗಿವೆ. ನುಣುಪು ಎಂಬುದು ಬೆರಳಿಗೆ ತಿಳಿಯುವ ಗುಣ. ಬಣ್ಣದ ಮಾತು ಏಕೆಂದು ಕೇಳಬಹುದು. ಉದ್ದಿನಂತೆ ಕಪ್ಪುಮಿಶ್ರವಾದ, ಬಿಳಿಯ ಚುಕ್ಕೆಯಿಲ್ಲದ ಕಲ್ಲೆಂದರೆ ಮರಳಿನ ಹರಳುಗಳು ಬೆರೆಯದ, ಒಂದೇ ಹದದ ಕಲ್ಲಾಗಿರುವ ಸಂಭವ ಹೆಚ್ಚು ಎಂದು ನಾವು ಅರ್ಥಮಾಡಿಕೊಂಡಿದ್ದೇವೆ. ಬಣ್ಣವೊಂದನ್ನೇ ನಂಬಿದರೆ ಮೋಸಹೋಗುವುದುಂಟು. ನುಣುಪಿನೊಡನೆ ಸೇರಿಸಿದರೆ ಅದು ಒಳ್ಳೆಯ ಸಾಕ್ಷಿ. ಇನ್ನು ಬೂರುಗದ ಹಲಗೆ. ಬೂರುಗವು ಬಹಳ ಮೆದುವಾದ ಮರ. ಅದರ ಮೇಲೆ ಎಳೆದರೆ ಲೋಹ ಸವೆಯುವುದಿಲ್ಲವೆಂದೇ ಹೇಳಬೇಕು. ಕಲ್ಲಿನಿಂದ ಎದ್ದು ಅಂಚಿಗೆ ಅಂಟಿಕೊಂಡಿರುವ ಸೂಕ್ಷ್ಮವಾದ ಸಿಬಿರು ಕಳಚಿ, ಧಾರೆ ನೇರವಾಗುತ್ತದೆ. ನಮ್ಮ ಕ್ಷೌರಿಕರು ತೊಗಲಿನ ಪಟ್ಟಿಯ ಮೇಲೆ ಕತ್ತಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದುದು ಇದೇ ಕಾರ್ಯಕ್ಕಾಗಿ.

ಬೌದ್ಧರ ವಿನಯಪಿಟಕದಲ್ಲಿ ಈ ಸಾಮಗ್ರಿಯು ಕ್ಷೌರದ ಹೆಸರಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಭಿಕ್ಷುಗಳ ಕೂದಲು ಬೆಳೆದಾಗ ಏನು ಮಾಡಬೇಕೆಂಬ ಪ್ರಶ್ನೆ ಎದ್ದು, ಬುದ್ಧನು ಕತ್ತಿಯನ್ನೂ, ಕತ್ತಿಯ ಕಲ್ಲನ್ನೂ, ಕತ್ತಿಯ ಒರೆಯನ್ನೂ, ಉಣ್ಣೆಯ ಕಂಬಳಿಯ ತುಂಡನ್ನೂ, ಒಟ್ಟಿನಲ್ಲಿ ಕ್ಷೌರದ ಉಪಕರಣಗಳೆಲ್ಲವನ್ನೂ ಇಟ್ಟುಕೊಳ್ಳಲು ಅನುಮತಿ ಕೊಟ್ಟನೆಂದು ಚುಲ್ಲವಗ್ಗದಲ್ಲಿ ಹೇಳಿದೆ. ಪಾಲಿಯಲ್ಲಿ ಆ ಕಲ್ಲಿಗೆ ಖುರಸಿಲಾ ಎಂದು ಪ್ರತ್ಯೇಕವಾದ ಹೆಸರೇ ಉಂಟು. ಕಲ್ಲು ಒಂದೇ ಎಂಬುದನ್ನು ಗಮನಿಸಬೇಕು. ಒರಟಾದುದು, ನಡುತರದ್ದು, ನುಣುಪಾದುದು ಎಂಬ ಮೂರು ಮೆಟ್ಟಿಲುಗಳ ಮಾತು ಅಲ್ಲಿಲ್ಲ. ಆ ವಿನಯನಿಯಮಗಳನ್ನೆಲ್ಲ ಮೊದಲ ಸಂಗೀತಿಯಲ್ಲಿ ನೆನಪಿನಿಂದ ಒಪ್ಪಿಸಿದವನು ಉಪಾಲಿ ಎಂಬ ಭಿಕ್ಷು. ಸಂಘಕ್ಕೆ ಸೇರುವುದಕ್ಕೆ ಮೊದಲು ಅವನು ಕಪಿಲವಸ್ತುವಿನ ಶಾಕ್ಯರ ಕ್ಷೌರಿಕನಾಗಿದ್ದನೆಂಬುದು ಬೌದ್ಧಸಂಪ್ರದಾಯ. ಆ ಪಟ್ಟಿಯಲ್ಲಿ ಕಲ್ಲನ್ನೂ ಕಂಬಳಿಯ ತುಂಡನ್ನೂ ಮರೆಯದೆ ಸೇರಿಸಿದ್ದಕ್ಕೆ ಅವನ ಪೂರ್ವಾಶ್ರಮದ ಕಸುಬೇ ಕಾರಣವಾಗಿರಬಹುದೆಂದು ಊಹಿಸುವುದು ನಮಗೆ ಪ್ರಿಯವಾಗಿದೆ. ಊಹೆಗಿಂತ ಹೆಚ್ಚಿನ ಬೆಲೆಯನ್ನು ಅದಕ್ಕೆ ಕಟ್ಟಬೇಕಾಗಿಲ್ಲ.

ಕ್ರಿಸ್ತಶಕ 79ರಲ್ಲಿ ತೀರಿಕೊಂಡ ಪ್ಲಿನಿ ಎಂಬ ರೋಮನ್ ಪಂಡಿತನು ಪ್ರಕೃತಿವಿಷಯಕವಾದ ತನ್ನ ದೊಡ್ಡ ಗ್ರಂಥದಲ್ಲಿ ಮಸೆಗಲ್ಲುಗಳನ್ನು ಎಣ್ಣೆಯನ್ನು ಬೇಡುವುವು, ನೀರನ್ನು ಬೇಡುವುವು ಎಂದು ವಿಂಗಡಿಸಿ, ಕ್ರೀಟ್ ದ್ವೀಪದ ಎಣ್ಣೆಗಲ್ಲನ್ನೂ ನಾಕ್ಸೋಸ್ ದ್ವೀಪದ ನೀರುಗಲ್ಲನ್ನೂ ಹೊಗಳಿದ್ದಾನೆ. ಕ್ಷೌರದಂಗಡಿಯ ಕಲ್ಲಿಗೆ ಬೇರೆಯೇ ಒಂದು ವರ್ಗ. ಅದಕ್ಕೆ ಎಣ್ಣೆಯೂ ಬೇಡ ನೀರೂ ಬೇಡ, ಉಗುಳು ಸಾಕು; ಅದು ಮೆದು, ಬೇಗ ಒಡೆಯುವಂತಹುದು; ಸ್ಪೇನಿನಿಂದ ಬರುವುದು ಆ ಜಾತಿಯಲ್ಲಿ ಉತ್ತಮ. ಉಗುಳಿನ ಮಾತು ನಮ್ಮ ಕೇಳುಗರಿಗೆ ಹಿಡಿಸಲಾರದು. ಆದರೆ ಗಂಗಾತೀರದಲ್ಲಿಯೂ ರೋಮಿನಲ್ಲಿಯೂ ಕ್ಷೌರದ ಕಲ್ಲೆಂದರೆ ಸಾಮಾನ್ಯ ಮಸೆಗಲ್ಲಲ್ಲ, ಅದರದೇ ಒಂದು ಜಾತಿ ಎಂಬುದು ಇದರಿಂದ ತಿಳಿಯುತ್ತದೆ.

ಈ ಮೂರು ಸಾಕ್ಷಿಗಳಿಂದ ನಮಗೆ ಹೊಳೆಯುವ ಸಂಗತಿ ಒಂದುಂಟು. ಕ್ಷೌರಿಕನ ಕಲ್ಲು ಕತ್ತಿಗೆ ಬಾಯಿ ಕಟ್ಟುವ ಕಲ್ಲಲ್ಲ. ಕಟ್ಟಿದ ಬಾಯನ್ನು ಕಾಯುವ ಕಲ್ಲು. ಬಾಯಿ ಕಟ್ಟುವುದು ಕಮ್ಮಾರನ ಕೆಲಸ, ಇಲ್ಲವೆ ಸಾಣೆಯವನ ಕೆಲಸ. ಕ್ಷೌರಿಕನು ದಿನದಿನದ ಸವೆತವನ್ನು ನುಣುಪಾದ ಕಲ್ಲಿನ ಮೇಲೆ ಕೆಲವೇ ಸಲ ಎಳೆದು ಸರಿಪಡಿಸಿ, ಮಿಕ್ಕ ಭಾರವನ್ನೆಲ್ಲ ತೊಗಲಿಗೆ ವಹಿಸುತ್ತಿದ್ದನು. ಕಲ್ಲನ್ನು ಮುಟ್ಟುವುದು ಎಷ್ಟು ಅಪರೂಪವೋ ಕತ್ತಿಗೆ ಅಷ್ಟು ಆಯುಷ್ಯ. ಹೊಸಬನಿಗೆ ಮೊದಲ ಕಲ್ಲನ್ನು ಆರಿಸಿಕೊಡುವಾಗ ಈ ಭೇದವನ್ನು ಮರೆಯುವುದರಿಂದಲೇ ಇಂದು ಎಷ್ಟೋ ಒಳ್ಳೆಯ ಕತ್ತಿಗಳು ಹಾಳಾಗುತ್ತಿವೆ. ಇದನ್ನು ಮುಂದೆ ವಿವರಿಸುತ್ತೇವೆ.

ವೈದ್ಯನ ಕಲ್ಲಿಗೆ ಶಾಸ್ತ್ರದಲ್ಲಿ ಸ್ಥಳ ದೊರಕಿತು, ಭಿಕ್ಷುವಿನ ಕಲ್ಲಿಗೆ ಪಿಟಕದಲ್ಲಿ ಸ್ಥಳ ದೊರಕಿತು. ಇವರಿಬ್ಬರಿಗಿಂತ ಹೆಚ್ಚಾಗಿ ಕಲ್ಲನ್ನು ಬಲ್ಲ ಕ್ಷೌರಿಕನ ತಿಳಿವಳಿಕೆಯನ್ನು ಅವನ ಬಾಯಿಂದ ಕೇಳಿ ಬರೆದುಕೊಂಡವರು ಅಪೂರ್ವ. ಕರಾವಳಿಯಲ್ಲಿ ಕೆಲಸಿಯೆಂದೂ, ಬಯಲುಸೀಮೆಯಲ್ಲಿ ನಾಯಿಂದ, ಹಡಪದ ಎಂದೂ ಕರೆಯಿಸಿಕೊಂಡ ಈ ಜನರನ್ನು ಮದುವೆ ಮುಂಜಿಗಳಿಗೆ ಕರೆಯದೆ ಯಾರಿಗೂ ಸಾಗಲಿಲ್ಲ. ಆದರೂ ಅವರ ಕೈ ತಾಗಿದ ಮೇಲೆ ಸ್ನಾನಮಾಡದೆ ಮನೆಯೊಳಕ್ಕೆ ಕಾಲಿಡುತ್ತಿರಲಿಲ್ಲ. ಅವರ ಕಸುಬಿನ ಒಂದು ಹೆಸರು ಬೈಗುಳದ ಮಾತಾಗಿ ಹೋದುದನ್ನು ಕೇಳುಗರು ಬಲ್ಲರು. ನಾವು ಅದನ್ನು ಇಲ್ಲಿ ಉಚ್ಚರಿಸುವುದಿಲ್ಲ. ಮುಟ್ಟಿದರೆ ಮೈಲಿಗೆಯೆಂದ ಮೇಲೆ ಆ ಕೈಯಲ್ಲಿರುವ ಕಲ್ಲು ಯಾವ ಊರಿನದೆಂದು ಕೇಳುವವರು ಯಾರು?

ಹಡಪವೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ: ಎಲೆಯಡಿಕೆಯ ಚೀಲವೆಂದು ಒಂದು, ಕ್ಷೌರದ ಸಲಕರಣೆಗಳ ಚೀಲವೆಂದು ಮತ್ತೊಂದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸಮೀಪದಲ್ಲಿದ್ದ ಹಡಪದ ಅಪ್ಪಣ್ಣನವರನ್ನು ಈ ಸಮುದಾಯವು ತನ್ನ ಹಿರಿಯರೆಂದು ಗೌರವಿಸುತ್ತದೆ. ಅವರೂ ಅವರ ಪತ್ನಿ ಲಿಂಗಮ್ಮನವರೂ ವಚನಕಾರರು. ಆಮೇಲೆ ನಾಲ್ಕು ಶತಮಾನಗಳ ತರುವಾಯ ಇನ್ನೊಂದು ಹೆಸರು ಕಲ್ಲಿನ ಮೇಲೆಯೇ ಕೆತ್ತಲ್ಪಟ್ಟಿತು. ವಿಜಯನಗರದ ಸದಾಶಿವರಾಯನ ಕಾಲದಲ್ಲಿ, 1540ರ ದಶಕದಲ್ಲಿ, ಅಳಿಯ ರಾಮರಾಯನು ಬಾದಾಮಿಯ ಕೊಂಡೋಜನೆಂಬ ಕ್ಷೌರಿಕನ ಕೆಲಸಕ್ಕೆ ಮೆಚ್ಚಿ, ರಾಜ್ಯದ ಕ್ಷೌರಿಕರಿಗೆಲ್ಲ ತೆರಿಗೆಯನ್ನೂ ಬಿಟ್ಟಿಯ ದುಡಿಮೆಯನ್ನೂ ಬಿಡಿಸಿದನು. ಈ ಸಂಗತಿಯನ್ನು ಸಾರುವ ಶಾಸನಗಳು ಕನ್ನಡ ನಾಡಿನ ಹಲವು ಊರುಗಳಲ್ಲಿ ದೊರೆತಿವೆ. ಅರಸುಮನೆತನದ ಒಬ್ಬ ಬಲಶಾಲಿಯ ಗಲ್ಲವನ್ನು ನಯವಾಗಿ ಬೋಳಿಸಿದ ಒಂದು ಕತ್ತಿಯಿಂದ ಒಂದು ಸಮುದಾಯದ ಬೆನ್ನಿನ ಮೇಲಿನ ಭಾರ ಇಳಿಯಿತು. ಆ ಕತ್ತಿಯನ್ನು ಹಾಗೆ ಇಟ್ಟಿದ್ದ ಕಲ್ಲು ಎಂತಹುದೆಂದು ಶಾಸನ ಬರೆದವನಿಗೆ ಬೇಕಾಗಲಿಲ್ಲ. ದಾನವನ್ನು ಕೆತ್ತಲು ಕಲ್ಲು ದೊರೆಯಿತು, ಕತ್ತಿಯ ಕಲ್ಲಿನ ಮೇಲೆ ಒಂದು ಅಕ್ಷರವೂ ಬೀಳಲಿಲ್ಲ.

ಕತ್ತಿಯ ಉಕ್ಕಿನ ಮಾತು ಹಾಗಲ್ಲ. ಅದರ ಕೀರ್ತಿ ಕಡಲನ್ನು ದಾಟಿತು. ದಕ್ಷಿಣ ದೇಶದಲ್ಲಿ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನೂ ಕಟ್ಟಿಗೆಯನ್ನೂ ಇಟ್ಟು ಮುಚ್ಚಿ ಕಾಯಿಸಿ ತೆಗೆಯುತ್ತಿದ್ದ ಉಕ್ಕಿನ ಗಟ್ಟಿಗಳನ್ನು ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಮುಂಬಯಿಯಿಂದ ಲಂಡನ್ನಿಗೆ ಕಳುಹಿಸಿದನು. ಅವುಗಳ ಪರೀಕ್ಷೆಯ ವಿವರವನ್ನು ಜಾರ್ಜ್ ಪಿಯರ್ಸನ್ 1795ರಲ್ಲಿ ಅಲ್ಲಿಯ ರಾಯಲ್ ಸೊಸೈಟಿಯಲ್ಲಿ ಓದಿದನು. ಆಂಗ್ಲರು ಅದನ್ನು ವೂಟ್ಸ್ ಎಂದು ಕರೆದರು. ನಮ್ಮ ಉಕ್ಕು ಎಂಬ ಮಾತೇ ಹಾಗಾಯಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಲಂಡನ್ನಿನ ಜೇಮ್ಸ್ ಸ್ಟೊಡಾರ್ಟ್ ಎಂಬ ಕತ್ತಿತಯಾರಕನು ಈ ಉಕ್ಕಿನ ಧಾರೆಯನ್ನು ಮೆಚ್ಚಿ ಅದರಿಂದ ಆಯುಧಗಳನ್ನು ಮಾಡಿ ಮಾರಿದನು. ಅವನೊಡನೆ ಸೇರಿ ಉಕ್ಕಿನ ಮಿಶ್ರಣಗಳನ್ನು ಶೋಧಿಸಿ 1820ರಲ್ಲಿ ಲೇಖನವನ್ನು ಪ್ರಕಟಿಸಿದವನು ಬೇರೆ ಯಾರೂ ಅಲ್ಲ, ಮೈಕೆಲ್ ಫ್ಯಾರಡೆ. ತಾವು ಮಾಡಿದ ಉಕ್ಕಿನಿಂದ ಕ್ಷೌರದ ಕತ್ತಿಗಳನ್ನು ಮಾಡಿಸಿ ಫ್ಯಾರಡೆಯು ಸ್ನೇಹಿತರಿಗೆ ಕಾಣಿಕೆ ಕೊಡುತ್ತಿದ್ದನು. ವಿದ್ಯುತ್ತಿನ ದೀಪದ ಕೆಳಗೆ ಕುಳಿತು ಗಡ್ಡ ಹೆರೆದುಕೊಳ್ಳುವ ನಾವು ಆ ಮಹಾಶಯನಿಗೆ ಎರಡು ವಿಧದಲ್ಲಿ ಋಣಿಗಳು.

ಉಕ್ಕಿನಂತೆಯೇ ನಮ್ಮ ನೆಲದಿಂದ ಹೊರಟ ಇನ್ನೊಂದು ಮಾತು ಇಂದಿನ ಕೃತಕ ಸಾಣೆಕಲ್ಲಿನ ಹೆಸರಿನಲ್ಲಿ ಅಡಗಿದೆ. ಸಂಸ್ಕೃತದ ಕುರುವಿಂದ, ತಮಿಳಿನ ಕುರುಂದಂ. ವಜ್ರವೊಂದನ್ನು ಬಿಟ್ಟರೆ ಸಾಮಾನ್ಯವಾಗಿ ದೊರೆಯುವ ಕಲ್ಲುಗಳಲ್ಲಿ ಇದರಷ್ಟು ಗಡಸು ಬೇರೆಯಿಲ್ಲ. ಮಾಣಿಕ್ಯವೂ ನೀಲವೂ ಇದರ ಜಾತಿಯವೇ. ಮೈಸೂರು ಸೀಮೆಯಲ್ಲಿಯೂ ಸೇಲಂ ಪ್ರಾಂತದಲ್ಲಿಯೂ ಇದು ಸಿಕ್ಕುತ್ತದೆ. ಇದರ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರವಾಗಿ ಹೊಯ್ದು, ಹಗ್ಗ ಸುತ್ತಿ ತಿರುಗಿಸಿ, ರತ್ನಪಡಿಯವರೂ ಕತ್ತಿಯವರೂ ಸಾಣೆ ಹಿಡಿಯುತ್ತಿದ್ದರು. ಚಾರ್ಲ್ಸ್ ಗ್ರೆವಿಲ್ ಎಂಬಾತನು 1798ರಲ್ಲಿ ಬರೆದ ಪ್ರಬಂಧದಿಂದ ಕೊರಂಡಮ್ ಎಂಬ ರೂಪದಲ್ಲಿ ಈ ಕಲ್ಲು ಯೂರೋಪಿನ ವಿಜ್ಞಾನಿಗಳಿಗೆ ಚೆನ್ನಾಗಿ ಪರಿಚಿತವಾಯಿತು. ಮುಂದೆ 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ತಿನ ಕುಲುಮೆಯಲ್ಲಿ ಜೇಡಿಯನ್ನೂ ಇದ್ದಲಿನ ಪುಡಿಯನ್ನೂ ಕಾಯಿಸಿದಾಗ ಹೊಳೆಯುವ ಹರಳುಗಳು ದೊರೆತವು. ಇಂಗಾಲವೂ ಕೊರಂಡಮ್ಮೂ ಕೂಡಿ ಆದ ವಸ್ತುವೆಂದು ತಪ್ಪು ತಿಳಿದು ಅವನು ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟನು. ಅದು ಸಿಲಿಕನ್ ಕಾರ್ಬೈಡ್ ಎಂದು ತರುವಾಯ ಗೊತ್ತಾಯಿತು. ತಪ್ಪಿನಿಂದ ಹುಟ್ಟಿದ ಹೆಸರು ಮಾತ್ರ ಉಳಿಯಿತು, ಅದರೊಡನೆ ನಮ್ಮ ಕುರುವಿಂದವೂ ಉಳಿಯಿತು.

ಇನ್ನು ಮೊದಲ ಕಲ್ಲನ್ನು ಕೊಳ್ಳುವವನ ಕಡೆಗೆ ಬರೋಣ. ಪಟ್ಟಣದ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋಗಿ ಮಸೆಯುವ ಕಲ್ಲು ಬೇಕೆಂದರೆ, ಬಡಗಿಗಳು ಉಳಿ ಮಸೆಯುವ, ಎರಡು ಮುಖದ ಕಪ್ಪು ಕಲ್ಲನ್ನು ಕೊಡುತ್ತಾರೆ. ಒಂದು ಮುಖ ಒರಟು, ಇನ್ನೊಂದು ನುಣುಪು ಎಂದು ಅದರ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಆ ನುಣುಪು ಬಡಗಿಯ ನುಣುಪು, ಕ್ಷೌರಿಕನ ನುಣುಪಲ್ಲ. ಅಜ್ಜನ ಕತ್ತಿಯನ್ನು ಅದರ ಮೇಲೆ ಹತ್ತು ಸಲ ಎಳೆದರೆ ಐವತ್ತು ವರ್ಷಗಳ ಕ್ಷೌರದಲ್ಲಿ ಸವೆಯದಿದ್ದ ಉಕ್ಕು ಸವೆದುಹೋಗುತ್ತದೆ. ತಿರುಗುವ ಸಾಣೆಗೆ ಕೊಡುವುದು ಇನ್ನೂ ಅಪಾಯ. ಕತ್ತರಿಗೆ ಸಾಣೆ ಹಿಡಿಯುವವನು ಕಿಡಿ ಹಾರಿಸಿದನೆಂದರೆ, ಕಾಗದದಂತೆ ತೆಳುವಾದ ಕ್ಷೌರದ ಕತ್ತಿಯ ಅಂಚು ಕಾದು ನೀಲಿಬಣ್ಣಕ್ಕೆ ತಿರುಗಿ ಹದ ಕಳೆದುಕೊಳ್ಳುತ್ತದೆ. ಹೋದ ಹದವನ್ನು ಯಾವ ಕಲ್ಲೂ ತರಲಾರದು.

ಕೃತಕ ಕಲ್ಲುಗಳಿಗೆ ಗ್ರಿಟ್ ಎಂಬ ಸಂಖ್ಯೆಯುಂಟು. ಸಂಖ್ಯೆ ಏರಿದಂತೆ ಕಣ ಸಣ್ಣದಾಗುತ್ತದೆ. ಜಪಾನೀ ಕ್ರಮದಲ್ಲಿ 1000ದ ಕಲ್ಲಿನ ಕಣವು ಮಿಲಿಮೀಟರಿನ ಸಾವಿರದಲ್ಲಿ ಹದಿನಾಲ್ಕು ಪಾಲಿನ ಆಸುಪಾಸು. 8000ದ್ದು ಒಂದೆರಡು ಪಾಲು ಮಾತ್ರ. ಬೇರೆ ಬೇರೆ ದೇಶಗಳ ಸಂಖ್ಯೆಗಳು ಒಂದಕ್ಕೊಂದು ಹೊಂದುವುದಿಲ್ಲವಾದುದರಿಂದ ಯಾವ ಕ್ರಮದ್ದೆಂದು ಕೇಳಿ ತಿಳಿಯಬೇಕು. ಮೊದಲು 1000ದ ಕಲ್ಲನ್ನೇ ಕೊಳ್ಳಬೇಕು, ಅಡಿಪಾಯವಿಲ್ಲದೆ ಮನೆ ನಿಲ್ಲದು ಎಂದು ವಾದಿಸುವ ಬಲ್ಲವರಿದ್ದಾರೆ. ಬಾಯಿ ಕಟ್ಟುವುದಕ್ಕೆ ಅದೇ ಬೇಕೆಂಬುದು ನಿಜ. ಆದರೆ ಕೈ ಪಳಗದವನು ಬಾಯಿ ಕಟ್ಟುವುದರಿಂದ ಏಕೆ ಆರಂಭಿಸಬೇಕು? ಕತ್ತಿಯು ತೀರ ಮೊಂಡಾಗಿದ್ದರೆ ಅಥವಾ ಮುಕ್ಕಾಗಿದ್ದರೆ ಮೊದಲ ಸಲ ಬಲ್ಲವರಿಗೆ ಕೂಲಿ ಕೊಟ್ಟು ಸರಿಮಾಡಿಸಿಕೊಳ್ಳುವುದೇ ಲೇಸು. ಆಮೇಲೆ ಆ ಬಾಯನ್ನು ಕಾಯಲು ಒಂದು ಮುಖ 4000, ಇನ್ನೊಂದು ಮುಖ 8000ದ ಸುಮಾರಿನ ಒಂದೇ ಕೃತಕ ಕಲ್ಲು, ಒಂದು ಒಳ್ಳೆಯ ತೊಗಲು. ಮೊದಲ ಎರಡು ವರ್ಷಕ್ಕೆ ಇವಿಷ್ಟೇ ಸ್ವತ್ತು ಸಾಕೆಂಬುದು ನಮ್ಮ ಅಭಿಪ್ರಾಯ.

ಬೆಲ್ಜಿಯಮ್ಮಿನ ವೀಲ್ಸಾಲ್ಮ್ ಬಳಿ ಭೂಮಿಯೊಳಗಿಂದ ತೆಗೆಯುವ, ಕಣ್ಣಿಗೆ ಕಾಣದ ಗಾರ್ನೆಟ್ ಹರಳುಗಳಿಂದ ತುಂಬಿದ ಹಳದಿಯ ಕಲ್ಲು, ಜಪಾನಿನ ಕ್ಯೋಟೋ ನಗರದ ಸಮೀಪದ ನರುತಕಿಯ ಕಲ್ಲು, ಅಮೆರಿಕದ ಆರ್ಕನ್ಸಾ ಸೀಮೆಯ ಬಿಳಿಯ ಕಲ್ಲು, ಇವುಗಳ ಖ್ಯಾತಿಯನ್ನು ಕೇಳಿ ಹೊಸಬರು ಮರುಳಾಗುವುದುಂಟು. ಅವು ಉತ್ತಮವಾದುವೇ. ಆದರೆ ಪ್ರಕೃತಿಯ ಕಲ್ಲುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಧಾರೆ ಬಾರದಿದ್ದಾಗ ತಪ್ಪು ತನ್ನ ಕೈಯದೋ ಕಲ್ಲಿನದೋ ಎಂದು ನಿರ್ಣಯಿಸಲು ಹೊಸಬನಿಗೆ ದಾರಿಯಿಲ್ಲ. ಕೃತಕ ಕಲ್ಲಿಗೆ ಸೌಂದರ್ಯವಿಲ್ಲದಿದ್ದರೂ ಮೈಯೆಲ್ಲ ಒಂದೇ ಹದ. ಅದರ ಮೇಲೆ ಆದ ತಪ್ಪು ಕೈಯದೇ ಎಂದು ಧೈರ್ಯವಾಗಿ ಒಪ್ಪಿಕೊಳ್ಳಬಹುದು.

ನುಣುಪಿನಷ್ಟೇ ಮುಖ್ಯವಾದ ಗುಣ ಸಮತಲ. ಮಡಿಸುವ ಕತ್ತಿಯನ್ನು ಮಾಡಿದವನು ಅದರ ಬೆನ್ನಿನ ದಪ್ಪವನ್ನೂ ಅಗಲವನ್ನೂ ಒಂದಕ್ಕೊಂದು ಹೊಂದಿಸಿಯೇ ಮಾಡಿರುತ್ತಾನೆ. ಬೆನ್ನನ್ನೂ ಬಾಯನ್ನೂ ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ಕೋನ ತಾನಾಗಿಯೇ ಸರಿಬರುತ್ತದೆ. ಎಳೆಯುವವನು ಲೆಕ್ಕ ಹಾಕಬೇಕಾದುದಿಲ್ಲ. ಆದರೆ ಕಲ್ಲಿನ ನಡು ಹಳ್ಳವಾಗಿದ್ದರೆ ಈ ಸೌಕರ್ಯವೆಲ್ಲ ವ್ಯರ್ಥ. ಆದುದರಿಂದ ಕೊಳ್ಳುವಾಗ ಉಕ್ಕಿನ ಅಡಿಕೋಲನ್ನು ನೆಟ್ಟಗೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಬೇಕು. ಮನೆಗೆ ತಂದ ಮೇಲೆಯೂ ಆಗಾಗ ಮುಖದ ಮೇಲೆ ಸೀಸದಕಡ್ಡಿಯ ಗೆರೆಗಳನ್ನೆಳೆದು, ದಪ್ಪ ಗಾಜಿನ ಮೇಲೆ ಹಾಸಿದ ನೀರುಕಾಗದಕ್ಕೆ ಉಜ್ಜಬೇಕು. ಗೆರೆ ಎಲ್ಲಿ ಉಳಿಯಿತೋ ಅಲ್ಲಿ ತಗ್ಗು. ಉದ್ದವು ಒಂದು ಗೇಣಿಗೆ ಕಡಿಮೆಯಿಲ್ಲದೆ ಇರಲಿ. ಬಲವನ್ನು ಹಾಕುವ ಅವಶ್ಯಕತೆ ಏನೂ ಇಲ್ಲ. ಕತ್ತಿಯ ತೂಕಕ್ಕಿಂತ ಹೆಚ್ಚು ಭಾರ ಬಿದ್ದರೆ ಅದು ದುಡುಕು. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕೇ ಹೊರತು ಬಾಯಿಯ ಮೇಲೆ ಹೊರಳಿಸಕೂಡದು.

ಸರಿಯಾಯಿತೇ ಎಂದು ನೋಡುವ ಪರೀಕ್ಷೆ ಸುಶ್ರುತಸಂಹಿತೆಯದೇ. ತೊಳೆದ ಕೂದಲೊಂದನ್ನು ಎರಡು ಬೆರಳುಗಳಲ್ಲಿ ಹಿಡಿದು ಇಳಿಬಿಟ್ಟು ಬಾಯಿಗೆ ತಾಗಿಸಿದರೆ, ಎಳೆಯದೆಯೇ ತುಂಡಾಗಿ ಬೀಳಬೇಕು. ಹೆಬ್ಬೆರಳಿನಿಂದ ನೋಡುವವರೂ ಇದ್ದಾರೆ. ಕಲಿಯುವವರಿಗೆ ನಾವು ಅದನ್ನು ಹೇಳಿಕೊಡಲಾರೆವು.

ಇಷ್ಟು ಹೇಳಿದ ಬಳಿಕ ಒಂದು ಕೊರತೆಯನ್ನು ಮುಚ್ಚಿಡುವಂತಿಲ್ಲ. ಕಲ್ಲಿನ ಮೇಲೆ ಕತ್ತಿ ಹರಿಯುವ ಸದ್ದು ಯಾವಾಗ ಬದಲಾಗುತ್ತದೆ, ಮೇಲಿನ ನೀರು ಯಾವಾಗ ಅಂಚನ್ನು ಏರುತ್ತದೆ, ಕರಿಯ ಗಸಿ ಎಷ್ಟು ಬಂದಾಗ ನಿಲ್ಲಿಸಬೇಕು ಎಂಬುದು ಬರೆಹದಿಂದ ಬರುವ ವಿದ್ಯೆಯಲ್ಲ. ಅದು ಆಯದ ಕಾಳಿಗಾಗಿ ಮನೆಮನೆಗೆ ಹೋಗಿ ಜಗಲಿಯಂಚಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದವರ ಬೆರಳುಗಳಲ್ಲಿತ್ತು. ಕಿಂಗ್ ಜಿಲೆಟ್ ತನ್ನ ಎಸೆಯುವ ಅಲಗಿನ ಯಂತ್ರವನ್ನು 1903ರಲ್ಲಿ ಮಾರಾಟಕ್ಕಿಟ್ಟಾಗ ಆ ವರ್ಷ ಹೋದುವು 51 ಮಾತ್ರ. ಮರುವರ್ಷದಿಂದ ಲೆಕ್ಕ ತೊಂಬತ್ತು ಸಾವಿರಕ್ಕೆ ಏರಿತು. ಅದರಿಂದ ಮನೆಯಲ್ಲಿ ಕ್ಷೌರ ಮಾಡಿಕೊಳ್ಳುವವರು ಕಲ್ಲನ್ನು ಬಿಟ್ಟರು. ಕ್ಷೌರಿಕರು ಬಿಡಲು ಇನ್ನೂ ಕಾಲ ಹಿಡಿಯಿತು. ನಮ್ಮ ದೇಶದಲ್ಲಿ 1986ರಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದ ತರುವಾಯ, ಒಬ್ಬನಿಗೆ ಆಡಿಸಿದ ಕತ್ತಿಯನ್ನು ಇನ್ನೊಬ್ಬನಿಗೆ ಆಡಿಸುವುದು ತರವಲ್ಲವೆಂಬ ಎಚ್ಚರ ಹರಡಿ, ಅಂಗಡಿಗಳಲ್ಲಿ ಅರ್ಧ ಮುರಿದ ಬ್ಲೇಡನ್ನು ಸಿಕ್ಕಿಸುವ ಕತ್ತಿಗಳು ಬಂದವು. ಆರೋಗ್ಯದ ದೃಷ್ಟಿಯಿಂದ ಅದು ಸರಿಯಾದ ಮಾರ್ಪಾಟು. ನಾವು ಅದನ್ನು ದೂರುವವರಲ್ಲ. ಮನೆಯ ಕತ್ತಿಯನ್ನೂ ಒಬ್ಬರದನ್ನು ಮತ್ತೊಬ್ಬರು ಬಳಸಕೂಡದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಆದರೆ ಆ ಮಾರ್ಪಾಟಿನೊಡನೆ ಕಲ್ಲುಗಳು ಚೀಲದಿಂದ ಕೆಳಗಿಳಿದವು.

ಹಾಗೆ ಇಳಿದ ಕಲ್ಲು ಕಾಗಾಲದಲ್ಲಿಯೋ ಕುಮಟೆಯಲ್ಲಿಯೋ ಬೇರೆ ಎಲ್ಲಿಯೋ ಒಂದು ಮನೆಯ ನಾಗಂದಿಗೆಯ ಮೇಲೆ ಇನ್ನೂ ಇದ್ದೀತು. ಕೊಳ್ಳುವ ಮೊದಲು ಕೇಳುಗರು ಅಂತಹ ಒಂದನ್ನು ವಿಚಾರಿಸುವುದು ಯುಕ್ತ. ದೊರೆತರೆ ಅದರ ನಡು ತಗ್ಗಾಗಿರುವುದು ಸಹಜ. ಒಂದೇ ಮನೆತನದ ಕೈಗಳು ಸವೆಯಿಸಿದ ತಗ್ಗು ಅದು. ಕೂಡಲೇ ಉಜ್ಜಿ ಸಮಮಾಡಬೇಡಿರಿ, ಸಾಬೂನು ಹಾಕಿ ತೊಳೆಯಲೂ ಬೇಡಿರಿ. ಆ ಮನೆಯ ಹಿರಿಯರು ಇನ್ನೂ ಇದ್ದರೆ ಅವರ ಹತ್ತಿರ ಕುಳಿತು, ಇದಕ್ಕೆ ಎಣ್ಣೆ ಹಾಕುತ್ತಿದ್ದಿರೋ ನೀರು ಹಾಕುತ್ತಿದ್ದಿರೋ, ಯಾವ ಮುಖ ಕತ್ತಿಗೆ, ಯಾರಿಂದ ಬಂತು ಎಂದು ಕೇಳಿ, ಅವರು ಹೇಳಿದುದನ್ನು ಅವರ ಹೆಸರಿನೊಡನೆ ಒಂದು ಕಾಗದದಲ್ಲಿ ಬರೆದುಕೊಂಡು, ಆಮೇಲೆ ಕಲ್ಲನ್ನು ಕೈಗೆ ತೆಗೆದುಕೊಳ್ಳಿರಿ.